ಇಪ್ಪತ್ತೇಳನೇ ರೂಮಿಗೆ ಬರುವವಳಿಗೆ

ಬಕೆಟ್ ಕೊಳ್ಳಬೇಡ.
ಮಂಚದ ಕೆಳಗೆ ನೀಲಿಯದೊಂದಿದೆ, ಹಿಡಿ ಸ್ವಲ್ಪ ಸಡಿಲ,
ತುಂಬಿ ಎತ್ತುವಾಗ ಅಡಿಗೆ ಎಡಗೈ ಕೊಡು.

ಬೀಗ ಹೊಸದೇ ತಾ.
ಗಾಂಧಿ ಬಜಾರಿನಲ್ಲಿ ಅವನು ಹೇಳಿದ್ದರ ಅರ್ಧ ಕೇಳು,
ಬೀಗ ವಾಪಸ್ ಡಬ್ಬಿಗೆ ಹಾಕುತ್ತಾನೆ, ಹಾಕಲಿ,
ನೀನು ಎರಡು ಹೆಜ್ಜೆ ನಡೆ. ಕರೆಯುತ್ತಾನೆ.
ಕೀಲಿ ಮೂರಿರಬೇಕು:
ಒಂದು ನಿನ್ನ ಕೊರಳಲ್ಲಿ, ಒಂದು ತಬಸ್ಸುಮ್ ಹತ್ತಿರ,
ಇನ್ನೊಂದು ಮೆಸ್ಸಿನ ಕಮಲಕ್ಕನ ಜೀರಿಗೆ ಡಬ್ಬದಲ್ಲಿ.
ಬೈಯುತ್ತಾಳೆ. ಇಟ್ಟುಕೊಳ್ಳುತ್ತಾಳೆ.

ಜಾತಿ ಆದಾಯದ ಸರ್ಟಿಫಿಕೇಟು ಹತ್ತು ಝೆರಾಕ್ಸ್ ಮಾಡಿಸು.
ಹನ್ನೊಂದನೆಯದು ಬೇಕಾದ ದಿನ
ಗೇಟಿನ ಅಂಗಡಿಯಲ್ಲಿ ಕರೆಂಟಿರುವುದಿಲ್ಲ,
ಭದ್ರಾ ಡ್ಯಾಮು ಕೂಗಳತೆಯಲ್ಲಿದ್ದರೂ.
ಒರಿಜಿನಲ್ ಯಾರ ಕೈಗೂ ಕೊಡಬೇಡ,
ಈಗ ಬಂದೆ ಎಂದು ಒಳಗೆ ಹೋಗುವ ಗುಮಾಸ್ತರಿಗಂತೂ.

ಸ್ಕಾಲರ್‌ಶಿಪ್ಪು ಆಗಸ್ಟಿಗೆ ಬರುತ್ತದೆ ಎನ್ನುತ್ತಾರೆ.
ಬರುತ್ತದೆ.
ಯಾವ ಆಗಸ್ಟು ಅಂತ ಹೇಳುವುದಿಲ್ಲ.
ಅದನ್ನು ನಂಬಿ ಸಾಲ ಮಾಡಬೇಡ.
ಮಾಡಲೇಬೇಕಾದರೆ ತಬಸ್ಸುಮ್ ಹತ್ತಿರ ಮಾಡು,
ಅವಳು ವಾಪಸ್ ಕೇಳುವುದಿಲ್ಲ,
ಅದಕ್ಕೇ ಅವಳದನ್ನು ಮೊದಲು ತೀರಿಸು.

ಶಿವಮೊಗ್ಗಕ್ಕೆ ಕೆಂಪು ಬಸ್ಸಿಗೇ ಕಾಯಿ, ಆಧಾರ್ ತೋರಿಸಿದರೆ ಆಯಿತು.
ಪ್ರೈವೇಟಿನವರು ಬೇಗ ಬರುತ್ತಾರೆ,
ಒಳ್ಳೊಳ್ಳೆ ಹಾಡು ಹಾಕುತ್ತಾರೆ,
ದುಡ್ಡು ಕೇಳುತ್ತಾರೆ.

ನೀರು ಕಾಯಿಸುವ ಕಾಯಿಲ್ ತರಬೇಡ ಮಾರಾಯ್ತಿ.
ನನ್ನದು ವಾರ್ಡನ್ ಮೇಡಮ್ಮಿನ ಬೀರುವಿನಲ್ಲಿದೆ,
ಅಲ್ಲಿ ಇನ್ನೂ ಹದಿನೇಳು ಇವೆ, ಎಣಿಸಿದ್ದೇನೆ,
ತಪ್ಪೊಪ್ಪಿಗೆ ಬರೆಯುತ್ತ ನಿಂತಾಗ.
ದಪ್ಪ ಪುಸ್ತಕ ಕೊಳ್ಳಬೇಡ. ಲೈಬ್ರರಿಯಲ್ಲಿ
ಒಂದೇ ಪ್ರತಿ, ಕಪಾಟಿನಲ್ಲಿ ಸಿಗುವುದಿಲ್ಲ,
ಹಳೇ ಕೃಷಿ ವರದಿಗಳ ಹಿಂದೆ ನೋಡು.
ನಾನೇ ಅಡಗಿಸಿಟ್ಟದ್ದು. ತಪ್ಪು. ಗೊತ್ತು.
ಓದಿ ಮುಗಿಸಿ ಸರಿಯಾದ ಜಾಗದಲ್ಲಿಡು,
ನನ್ನಿಂದ ಆಗಲಿಲ್ಲ.

ಇದೆಲ್ಲಕ್ಕಿಂತ ಮೊದಲು, ಬಂದ ವಾರವೇ,
ಕಣ್ಣು ತೋರಿಸು.
ಒಂದು ವರ್ಷ ನಾನು ಬೋರ್ಡು ನೋಡದೆ
ಹಾಲಮ್ಮನ ನೋಟ್ಸು ನೋಡಿ ಬರೆದೆ,
ಅವಳ ಕಾಗುಣಿತದ ತಪ್ಪೂ ನನ್ನದಾಯಿತು,
ಇಬ್ಬರಿಗೂ ಒಂದೇ ಕಡೆ ಕೆಂಪು ಗೆರೆ.
ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ
ಇದು ಎಲ್ಲಿಗೆ ಹೋಗುತ್ತದೆ ಅಂತ ಒಬ್ಬ ಅಜ್ಜನನ್ನು ಕೇಳಿದೆ.
ಆತ ನನ್ನ ಬ್ಯಾಗು ನೋಡಿದ, ಬಸ್ಸಿನ ಬೋರ್ಡು ನೋಡಿದ,
ತೀರಾ ಮೆತ್ತಗೆ ಕೇಳಿದ:
ಓದಲು ಬರುವುದಿಲ್ಲವಾ ಮಗಾ?
ಎಂ.ಎ. ಎರಡನೇ ಸೆಮಿಸ್ಟರು.
ಇಲ್ಲ ಅಂದೆ.
ಅದೇ ಸುಲಭ ಅನ್ನಿಸಿತು.
ಆತ ಒಂದೊಂದೇ ಅಕ್ಷರ ಬಿಡಿಸಿ ಓದಿ ಹೇಳಿದ,
ತ, ರೀ, ಕೆ, ರೆ,
ಮುಂದಿನ ಸಲ ನೀನೇ ಓದುವಂತೆ, ಎಂದ.

ಕನ್ನಡಕ ದುರ್ಗಿಗುಡಿಯಲ್ಲಿ, ಆರುನೂರೈವತ್ತು.
ಚೌಕಾಸಿ ಮಾಡಲಿಲ್ಲ. ಜೀವನದಲ್ಲಿ ಅದೊಂದೇ.
ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು
ಹೋಗದ ಊರಿನ ಬೋರ್ಡುಗಳನ್ನೆಲ್ಲ ಓದಿದೆ:
ಶಿಕಾರಿಪುರ, ಎನ್.ಆರ್. ಪುರ, ತೀರ್ಥಹಳ್ಳಿ,
ಡಿಪೋಗೆ ಎಂದಿದ್ದನ್ನೂ.
ಮನೆಗೆ ಪುಸ್ತಕದ ಖರ್ಚು ಅಂದೆ.
ಸುಳ್ಳೇನಲ್ಲ.

ಇನ್ನೇನು? ಎರಡು ಜೊತೆ ಚಪ್ಪಲಿ, ಒಂದು ಒಣಗುವುದಕ್ಕೆ.
ಸೊಳ್ಳೆಬತ್ತಿ. ಸೂಜಿದಾರ. ಉಪ್ಪಿನಕಾಯಿ
ಗಾಜಿನ ಬಾಟ್ಲಿಯಲ್ಲಿ ಬೇಡ, ನನ್ನ ಒಂದು ಸೆಮಿಸ್ಟರಿನ ನೋಟ್ಸು
ಇವತ್ತಿಗೂ ನಿಂಬೆ ವಾಸನೆ.
ಟಾರ್ಚು ಬೇಡ, ಫೋನಿದೆ. ಇಲ್ಲ, ಬೇಕು,
ಫೋನು ಸತ್ತಾಗಲೇ ಕತ್ತಲೆ ಆಗುವುದು.

ನೀರು ಬಂದ ಮೊದಲ ಬೆಳಿಗ್ಗೆ, ಆರು ಗಂಟೆಗೆ,
ಬಕೆಟ್ ತುಂಬುವ ಮೊದಲು ತಿರುಗಿಸಿ ನೋಡು.
ಅಡಿಯಲ್ಲಿ ನೇಲ್ ಪಾಲಿಶಿನ ಹೆಸರುಗಳಿವೆ,
ಕಾಳಮ್ಮ ಬಿ., ಜೆಸಿಂತಾ,
ಅರ್ಧ ಅಳಿಸಿದ ಯಾರೋ ಒಬ್ಬಳು ‘ಲತಾ’,
ಆಮೇಲೆ ನಾನು, ಪ್ರಫುಲ್ಲಾ, ಸಾಗರ ತಾಲ್ಲೂಕು,
ಊರು ಬರೆಯಲು ಹೋಗಿ ಬಣ್ಣ ಮುಗಿಯಿತು.
ಅಂಚಿನಲ್ಲಿ ಸ್ವಲ್ಪ ಜಾಗವಿದೆ,
ಸಣ್ಣದಾಗಿ ಬರಿ, ಇನ್ನೊಬ್ಬಳು ಬರುತ್ತಾಳೆ.

ಮಗ್ಗು ಮಾತ್ರ ನೀನೇ ತಾ.
ಅದನ್ನು ನಾನು ಒಯ್ಯುತ್ತಿದ್ದೇನೆ.